ಪರವಾಗಿಲ್ಲ ಸಾರ್ ಗುಂಡು ಹಾಕಿದ್ದು

ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುವವರಿಗೆ ಇರಬೇಕಾದ ಅರ್ಹತೆ ಒಂದೇ, ಬೈಸಿಕೊಳ್ಳುವ ಶಕ್ತಿ. ಈ ವಿದ್ಯೆಯಲ್ಲಿ ನಮ್ಮ ಕಥಾನಾಯಕರನ್ನು ಮೀರಿಸುವವರು ಆ ಕಚೇರಿಯಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವ ಲಕ್ಷಣವೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ಪಕ್ಕದ ಮನೆಗೆ ಜಾಸ್ತಿ ಬಂತೆಂದು ಹೊಟ್ಟೆ ಉರಿದುಕೊಂಡವರು, ಎಲ್ಲರೂ ಅವರ ಮುಖಕ್ಕೇ ಬೈದು, ಬೈದು ಸುಸ್ತಾಗಿ, ಕೊನೆಗೆ ತಾವೇ ನಾಚಿಕೊಂಡು, "ಏನೂ ತಿಳ್ಕೋಬೇಡಿ ಸಾರ್, ಬಾಯಿಗೆ ಬಂದಂಗೆ ಅಂದ್ಬಿಟ್ಟೆ" ಎನ್ನುತ್ತಿದ್ದರು. ಇವರು ಕತ್ತು ವಾಲಿಸಿ, "ಪರವಾಗಿಲ್ಲ" ಎನ್ನುತ್ತಿದ್ದರು. ಬಸ್ಸಿನಲ್ಲಿ ಕಾಲು ತುಳಿದವರಿಗೂ ಪರವಾಗಿಲ್ಲ, ಸಾಲು ಬಿಟ್ಟು ಮುಂದೆ ನುಗ್ಗಿದವರಿಗೂ ಪರವಾಗಿಲ್ಲ. ಕ್ಷೌರದವನು ಮಾತಿನ ಭರದಲ್ಲಿ ಅರ್ಧ ಮೀಸೆ ಎಗರಿಸಿದಾಗಲೂ ಪರವಾಗಿಲ್ಲ ಎಂದು ಉಳಿದರ್ಧವನ್ನೂ ಅವನಿಗೇ ಒಪ್ಪಿಸಿ ಬಂದಿದ್ದರು. ಹೀಗಾಗಿ ಊರಿಗೆಲ್ಲ ಅವರು ಪರವಾಗಿಲ್ಲ ಸಾರ್ ಆಗಿದ್ದರು.

ಇಂಥ ಸಾಧು ಪ್ರಾಣಿಯೂ ಒಂದು ದಿನ ಕೆರಳಿತು. ಅಂದು ಒಬ್ಬಾಕೆ ಕಿಟಕಿಗೆ ಬಂದು, ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ಇಲ್ಲಿ ಯಾರೂ ಇಲ್ವಾ?" ಎಂದು ಕೇಳಿದರು.

"ನಾನಿದೀನಲ್ಲ" ಎಂದರು ಪರವಾಗಿಲ್ಲ ಸಾರ್.

"ಅದು ಸರಿ. ಬೇರೆ ಯಾರೂ ಇಲ್ವಾ?"

ಬೈಗುಳವಾಗಿದ್ದರೆ ನುಂಗಿಕೊಳ್ಳುತ್ತಿದ್ದರು. ಇದು ಗಂಟಲಲ್ಲೇ ಸಿಕ್ಕಿಕೊಂಡಿತು. ಸಂಜೆ ಅದನ್ನೇ ಮೆಲುಕು ಹಾಕುತ್ತಾ ಮನೆಯತ್ತ ನಡೆಯುವಾಗ, ನಾಟಕದ ಸಾಮಾನು ಮಾರುವ ಅಂಗಡಿಯ ಗಾಜಿನ ಹಿಂದೆ, ಗಡ್ಡ ಮೀಸೆಗಳ ರಾಶಿಯ ನಡುವೆ ಅದು ಕಂಡಿತು. ಉದ್ದನೆಯ ನಳಿಗೆ, ಕಂದು ಮರದ ಹಿಡಿ, ಹೊಟ್ಟೆಯಲ್ಲಿ ಗುಂಡು ತುಂಬುವ ದುಂಡನೆಯ ಗಾಲಿ. ರಿವಾಲ್ವರು.

"ಮಾದರಿ ಹಳೇದು, ಮಾಲು ಹೊಸದು" ಎಂದ ಅಂಗಡಿಯವನು. "ಕುದುರೆ ಎಳೆದ್ರೆ ಟಪ್ ಅನ್ನುತ್ತೆ, ಗಾಲಿ ತಿರುಗುತ್ತೆ, ಆರು ಹಿತ್ತಾಳೆ ಗುಂಡು ಜೊತೆಗೇ ಬರುತ್ತೆ. ಆದ್ರೆ ನಳಿಗೆ ಒಳಗಡೆ ಮುಚ್ಚಿಬಿಟ್ಟಿದೀವಿ ಸಾರ್, ಏನೂ ಹಾರಲ್ಲ. ಇದ್ರಲ್ಲಿ ಹೊಡೆಯೋಕಾಗಲ್ಲ, ಹೆದರಿಸೋಕಾಗುತ್ತೆ."

"ನಂಗೂ ಅಷ್ಟೇ ಬೇಕಾಗಿರೋದು" ಎಂದರು ಪರವಾಗಿಲ್ಲ ಸಾರ್. ಅಂಗಡಿಯವನು ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಏನಾದರೂ ತೊಂದರೆಯಾದರೆ ಫೋನ್ ಮಾಡಿ ಎಂದು ನಂಬರು ಕೊಟ್ಟ. ನಾಯಕ ಪಾತ್ರದವರಿಗಿಂತ ನಾಯಕರ ಹಿಂದೆ ಕೊಡೆ ಹಿಡಿದು ನಿಲ್ಲುವವರೇ ಇಂಥವನ್ನು ಹೆಚ್ಚು ಕೊಳ್ಳುತ್ತಾರೆಂಬುದು ಅವನ ಅನುಭವ.

ಮನೆಯಲ್ಲಿ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಆ ಕಿಟಕಿಯ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಎಷ್ಟೋ ಮನೆಗಳ ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿ ಕಣ್ಣು ಕೆಡಿಸಿಕೊಂಡವಳಿಗೆ ಈ ಮಹಡಿ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಬೆಳಕು ಸಿಕ್ಕಿತ್ತು. ಬೀದಿಯ ಹೆಂಗಸರೆಲ್ಲ ಅವಳ ಗಿರಾಕಿಗಳಾಗಿದ್ದರು. ಮನೆಯ ಒಡತಿ ಕೆಳಗಡೆ ಇದ್ದ ನಿವೃತ್ತ ಟೀಚರಮ್ಮ. ಬಾಡಿಗೆಗೆ ಕೊಡುವಾಗ ಆಕೆ ಹಾಕಿದ್ದ ಷರತ್ತು ಒಂದೇ. "ಗೋಡೆಗೆ ಮೊಳೆ ಹೊಡೀರಿ, ನೆಂಟರನ್ನ ಕರೀರಿ, ನಾನೇನೂ ಅನ್ನಲ್ಲ. ಕುಡಿತ ಮಾತ್ರ ಈ ಮೆಟ್ಲು ಹತ್ತಬಾರ್ದು." ಪರವಾಗಿಲ್ಲ ಸಾರ್ ಆಗ ನಗುತ್ತಾ ಒಪ್ಪಿದ್ದರು. ಅವರು ಕೆಮ್ಮಿನ ಔಷಧಿಯನ್ನೇ ನೀರು ಬೆರೆಸಿ ಕುಡಿಯುವವರು.

ರಿವಾಲ್ವರನ್ನು ಹೆಂಡತಿಗೆ ತೋರಿಸಲಿಲ್ಲ. ಬೈಯುತ್ತಾಳೆಂಬ ಭಯವಲ್ಲ, ನಗುತ್ತಾಳೆಂಬ ಭಯ. ಅವಳ ನಗು ಹೆಗಲಿನಿಂದ ಶುರುವಾಗಿ ಯಂತ್ರದ ಚಕ್ರ ಹಿಡಿದುಕೊಳ್ಳುವವರೆಗೂ ಹೋಗುತ್ತಿತ್ತು. ಹಿಂದೆ ಅವರು ಒಂದು ಟೋಪಿ ಕೊಂಡು ತಂದಾಗ ವಾರವಿಡೀ ನಕ್ಕು, ಅಳತೆ ಕೊಡಲು ಬಂದವರಿಗೆಲ್ಲ ಆ ಕಥೆ ಹೇಳಿ ನಗಿಸಿದ್ದಳು. ಈ ವಯಸ್ಸಿನಲ್ಲಿ ಗಂಡ ಹಾರದ ಪಿಸ್ತೂಲು ತಂದಿದ್ದಾನೆಂದು ತಿಳಿದರೆ ಬೀದಿಯಲ್ಲಿ ಒಂದು ರವಿಕೆಯೂ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ. ಆದ್ದರಿಂದ ಅದು ಹಳೆಯ ಸ್ವೆಟರುಗಳ ಪೆಟ್ಟಿಗೆ ಸೇರಿತು.

ಅವಳು ಗುಂಡಿ ತರಲು ಹೊರಗೆ ಹೋದಾಗಲೆಲ್ಲ ಅದು ಆಚೆಗೆ ಬರುತ್ತಿತ್ತು. ಮೊದಲ ಸಲ ಹಿಡಿದಾಗ ಅದರ ತೂಕಕ್ಕೆ ಕೈಯೇ ಕೆಳಗಿಳಿಯಿತು. ಎರಡನೆಯ ಸಲ ಮಣಿಕಟ್ಟು ಗಟ್ಟಿಯಾಯಿತು. ಮೂರನೆಯ ಸಲ ಕನ್ನಡಿಯ ಮುಂದೆ ನಿಂತು, ಒಂದು ಹುಬ್ಬನ್ನು ಮಾತ್ರ ಏರಿಸಿ, "ಸಾಲಲ್ಲಿ ಬನ್ನಿ" ಎಂದರು. ಕನ್ನಡಿಯಲ್ಲಿದ್ದವನು ಯಾರಿಗೂ ಪರವಾಗಿಲ್ಲ ಎನ್ನುವವನಂತೆ ಕಾಣಲಿಲ್ಲ. ಪರವಾಗಿಲ್ಲ ಸಾರ್‌ಗೆ ಅವನು ಬಹಳ ಹಿಡಿಸಿದ.

ಅನಾಹುತಕ್ಕೆ ಕಾರಣವಾದದ್ದು ಗಾಲಿ. ಅದು ತಿರುಗುವುದನ್ನು ನಿಲ್ಲಿಸಿತು. ಅವರು ಸ್ನಾನದ ಮನೆ ಸೇರಿ, ನಲ್ಲಿ ಬಿಟ್ಟುಕೊಂಡು, ಅಂಗಡಿಯವನಿಗೆ ಫೋನ್ ಮಾಡಿದರು. ಹೆಂಡತಿ ಟವೆಲು ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. ಕನ್ನಡದಲ್ಲಿ ಗುಂಡು ಎಂಬ ಮಾತಿಗೂ ಎಣ್ಣೆ ಎಂಬ ಮಾತಿಗೂ ಬಂದೂಕು, ಅಡುಗೆಮನೆಗಳ ಕೆಲಸ ಮುಗಿಸಿದ ಮೇಲೆ ಸಂಜೆ ಹೊತ್ತು ಬೇರೊಂದು ಕಸುಬಿದೆ ಎಂಬುದನ್ನು ಪರವಾಗಿಲ್ಲ ಸಾರ್ ಆ ಗಳಿಗೆಯಲ್ಲಿ ಮರೆತಿದ್ದರು.

"ಆರು ಗುಂಡೂ ಹಾಕಿದೆ ಕಣ್ರೀ" ಎಂದರು ಅವರು. "ಮೂರು ಹಾಕಿದಾಗ ಚೆನ್ನಾಗೇ ಇತ್ತು. ಆರು ಹಾಕಿದ್ಮೇಲೆ ತಿರುಗೋಕೇ ಆಗ್ತಿಲ್ಲ... ಎಣ್ಣೆನಾ? ಹಾಕಿದೀನಿ, ಒಂದೆರಡು ತೊಟ್ಟು... ದಿನಾ ಹಾಕ್ಬೇಕಾ? ಅಯ್ಯೋ, ಮನೇಲಿ ಗೊತ್ತಾಗುತ್ತಲ್ರೀ... ಸರಿ, ಅವಳಿಲ್ದಾಗ ಹಾಕ್ತೀನಿ... ಇನ್ನೊಂದು ವಿಷ್ಯ. ಕುದುರೇನೂ ನನ್ನ ಮಾತು ಕೇಳ್ತಿಲ್ಲ."

ಟವೆಲು ಬಾಗಿಲ ಹಿಡಿಯ ಮೇಲೆ ಬಿತ್ತು. ಹೆಂಡತಿ ನೇರ ಹೋಗಿ ತಮ್ಮನಿಗೆ ಫೋನ್ ಮಾಡಿದಳು.

ತಮ್ಮನಿಗೆ ಔಷಧಿ ಅಂಗಡಿಯಿತ್ತು. ವೈದ್ಯರು ಬರೆದದ್ದನ್ನು ಓದಿ ಓದಿ ತಾನೂ ಅರ್ಧ ವೈದ್ಯನೆಂದು ಅವನು ನಂಬಿದ್ದ, ಉಳಿದರ್ಧವನ್ನು ಗಿರಾಕಿಗಳು ನಂಬಿಕೊಂಡಿದ್ದರು. ಅವನು ಬಂದವನೇ ಭಾವನ ಎದುರಿಗೆ ಕುರ್ಚಿ ಎಳೆದುಕೊಂಡು, ಅವರ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಕೆಳಗೆಳೆದು ನೋಡಿ, ನಿಟ್ಟುಸಿರು ಬಿಟ್ಟ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಭಾವ, ಅಕ್ಕ ಎಲ್ಲಾ ಹೇಳಿದ್ಲು. ಮುಚ್ಚಿಡೋಕೆ ಹೋಗ್ಬೇಡಿ. ಯಾವಾಗಿನಿಂದ?"

ಪರವಾಗಿಲ್ಲ ಸಾರ್ ಪೆಟ್ಟಿಗೆ ಸಿಕ್ಕಿಬಿದ್ದಿದೆ ಎಂದುಕೊಂಡರು. "ಹೋದ ವಾರದಿಂದ" ಎಂದರು ತಲೆ ತಗ್ಗಿಸಿ.

"ಎಲ್ಲಿಟ್ಕೊಂಡಿದೀರಿ?"

"ಸ್ವೆಟರ್ ಪೆಟ್ಟಿಗೇಲಿ."

"ಜೊತೆಗೆ ಯಾರಿರ್ತಾರೆ?"

"ಯಾರೂ ಇಲ್ಲ. ಒಬ್ನೇ. ಕನ್ನಡಿ ಮುಂದೆ ನಿಂತ್ಕೊಂಡು."

ಭಾವಮೈದ ಅಕ್ಕನ ಮುಖ ನೋಡಿದ. ಒಬ್ಬಂಟಿಯಾಗಿ ಕುಡಿಯುವವರ ಬಗ್ಗೆ ಅವನು ಕೇಳಿದ್ದ, ತನಗೆ ತಾನೇ ಜೊತೆ ಕೊಡುವವರ ಬಗ್ಗೆ ಕೇಳಿರಲಿಲ್ಲ. "ಆಗ ಏನನ್ಸುತ್ತೆ ಭಾವ?"

"ಧೈರ್ಯ ಬರುತ್ತೆ" ಎಂದರು ಅವರು ಪ್ರಾಮಾಣಿಕವಾಗಿ. "ಯಾರನ್ನ ಬೇಕಾದ್ರೂ ಎದುರಿಸ್ಬೋದು ಅನ್ಸುತ್ತೆ."

"ಮೊದಮೊದಲು ಎಲ್ಲರ್ಗೂ ಹಂಗೇ. ವಾಸನೆ ಬರದಂಗೆ ಏನ್ ಮಾಡ್ತೀರಿ?"

"ಎಣ್ಣೆ ವಾಸನೆ ಸ್ವಲ್ಪ ಬರುತ್ತೆ. ಬಟ್ಟೆ ತಗೊಂಡು ಒರೆಸ್ಬಿಡ್ತೀನಿ."

"ಕುದುರೆ ಬೇರೆ ಇದೆಯಂತೆ?"

"ಇದೆ. ಅದಿಲ್ದೆ ಹೆಂಗಪ್ಪಾ? ಬೆರಳು ಅದ್ರ ಮೇಲೇ ಇರ್ಬೇಕು."

ಭಾವಮೈದನಿಗೆ ಕುದುರೆ ಜೂಜಿನಲ್ಲಿ ಬೆರಳಿನ ಪಾತ್ರವೇನೆಂದು ಹೊಳೆಯಲಿಲ್ಲ, ಆದರೆ ವ್ಯಸನ ಎಷ್ಟು ಆಳಕ್ಕಿಳಿದಿದೆ ಎಂಬುದು ಹೊಳೆಯಿತು. ಅವನು ಭಾವನ ಎರಡೂ ಕೈ ಹಿಡಿದುಕೊಂಡ. "ಭಾವ, ಈಗ್ಲೇ ಬಿಟ್ರೆ ಲಿವರ್ ಉಳಿಯುತ್ತೆ. ಕುಡಿತ ಅನ್ನೋದು ಒಂದು ಕಾಯಿಲೆ, ನಾಚ್ಕೊಳೋದು ಏನೂ ಇಲ್ಲ."

ಆಗ ಪರವಾಗಿಲ್ಲ ಸಾರ್‌ಗೆ ದೀಪ ಹತ್ತಿತು. ಬಾಯಿ ತೆರೆದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಪೆಟ್ಟಿಗೆಯ ಬಳಿ ಹೋಗಿ ಅದನ್ನು ತಂದು ತೋರಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಮಗೂ ನಿಮಗೂ ಬೇರೆ ಕೆಲಸವಿತ್ತು. ಆದರೆ ಅಷ್ಟರಲ್ಲಿ ಅವರ ಕಣ್ಣು ಹೆಂಡತಿಯ ಮೇಲೆ ಬಿತ್ತು. ಅವಳು ಅವರನ್ನೇ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಗಂಡನನ್ನು ಇಷ್ಟು ಗಮನವಿಟ್ಟು ನೋಡಿದ್ದೇ ಇರಲಿಲ್ಲ. ಆ ನೋಟದಲ್ಲಿ ಹೆದರಿಕೆಯಿತ್ತು, ಕಳವಳವಿತ್ತು, ಇವರಲ್ಲೂ ಇಷ್ಟೊಂದು ಇತ್ತೇ ಎಂಬ ಬೆರಗೂ ಇತ್ತು. ಕುಡುಕನ ಪಟ್ಟ ಒಂದು ಕಡೆ, ಆಟಿಕೆ ಪಿಸ್ತೂಲಿನವನ ಪಟ್ಟ ಇನ್ನೊಂದು ಕಡೆ. ಪರವಾಗಿಲ್ಲ ಸಾರ್ ತೂಗಿ ನೋಡಿ, ತೆರೆದ ಬಾಯಿಂದ, "ನಿಧಾನವಾಗಿ ಬಿಡ್ತೀನಿ" ಎಂದರು.

ಭಾವಮೈದ ವಿಷಯವನ್ನು ಗುಟ್ಟಾಗಿಟ್ಟ. ಅಂದರೆ ತನ್ನ ಅಂಗಡಿಗೆ ಎದೆಯುರಿಯ ಮಾತ್ರೆಗೆ ಬರುತ್ತಿದ್ದ ದೂರು ವಿಭಾಗದ ಸೂಪರಿಂಟೆಂಡೆಂಟರಿಗೆ ಮಾತ್ರ, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು ಹೇಳಿದ. ಮರುದಿನ ಪರವಾಗಿಲ್ಲ ಸಾರ್ ಕಚೇರಿಗೆ ಹೋಗುವಷ್ಟರಲ್ಲಿ ಜವಾನನೇ ಎದ್ದುಬಂದು ಅವರ ಕುರ್ಚಿ ಒರೆಸಿದ. ಇದುವರೆಗೆ ಅವರ ನಮಸ್ಕಾರಕ್ಕೆ ಕತ್ತೂ ಎತ್ತದ ಸೂಪರಿಂಟೆಂಡೆಂಟರು ಅವರನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆ ತಳ್ಳಿ, ದನಿ ತಗ್ಗಿಸಿದರು.

"ಏನ್ರೀ, ಇಷ್ಟ್ ದಿನ ಹೇಳ್ಲೇ ಇಲ್ವಲ್ಲ. ಆರಂತೆ?"

"ಏನ್ ಸಾರ್?"

"ಗುಂಡು. ಒಂದೇ ಸಲಕ್ಕೆ ಆರಂತೆ? ನಂಗೆ ಮೂರಕ್ಕೇ ಗೋಡೆ ಬೇಕಾಗುತ್ತೆ ಮಾರಾಯ್ರೇ. ಅದೂ ನಮ್ಮನೇಲಿ ಹೆಂಡ್ತಿ, ಅತ್ತೆ, ಮನೆ ಓನರು, ಮೂರು ಜನ ಕಾವಲು. ನೀವು ಹೆಂಗೆ ನಿಭಾಯಿಸ್ತೀರಿ ಒಂಚೂರು ಹೇಳ್ಕೊಡಿ."

"ನಾನು ಕುಡಿಯಲ್ಲ ಸಾರ್."

"ನಾನೂ ಹಂಗೇ ಹೇಳೋದು" ಎಂದು ಸೂಪರಿಂಟೆಂಡೆಂಟರು ಮೆಚ್ಚುಗೆಯಿಂದ ಬೆನ್ನು ತಟ್ಟಿದರು.

ಕಿಟಕಿಯ ಮುಂದೆ ನಡೆದದ್ದು ಇನ್ನೂ ವಿಚಿತ್ರ. ಆ ಸಾರ್ ಹಾಕ್ಕೊಂಡು ಬಂದಿರ್ತಾರೆ, ಹುಷಾರಾಗಿ ಮಾತಾಡಿ ಎಂದು ಜವಾನ ಸಾಲಿನಲ್ಲಿದ್ದವರಿಗೆಲ್ಲ ಕಿವಿಯಲ್ಲಿ ಊದಿದ್ದ. ನೀರಿಲ್ಲದೆ ಕೆಂಡವಾಗಿ ಬಂದವರು ಕಿಟಕಿ ತಲುಪುವಷ್ಟರಲ್ಲಿ ಬೂದಿಯಾಗಿ, "ಸಾರ್, ಬಿಡುವಾದಾಗ ನೋಡಿ, ಅವಸರವೇನಿಲ್ಲ" ಎನ್ನತೊಡಗಿದರು. ಹಿಂದೆ ಬೇರೆ ಯಾರೂ ಇಲ್ವಾ ಎಂದು ಕೇಳಿದ್ದ ಹೆಂಗಸು ಮತ್ತೆ ಬಂದು, ಬೇರೆಯವರ ಕಿಟಕಿ ಖಾಲಿಯಿದ್ದರೂ ಇವರ ಮುಂದೆಯೇ ಕೈಕಟ್ಟಿ ನಿಂತರು. ಮನೆಯಲ್ಲಿ ಹೆಂಡತಿ ಎದುರು ಮಾತಾಡುವುದನ್ನು ನಿಲ್ಲಿಸಿದಳು. ಫ್ಯಾನಿನ ಕೆಳಗಿನ ಕುರ್ಚಿ ಅವರದಾಯಿತು. ಒಂದು ತೊಟ್ಟೂ ಕುಡಿಯದೆ ಕುಡುಕನ ಸವಲತ್ತುಗಳನ್ನೆಲ್ಲ ಅನುಭವಿಸಿದ ಮನುಷ್ಯ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ಆದರೆ ಪುಕ್ಕಟೆ ಸಿಕ್ಕ ಗೌರವ ತಲೆಗೇರದೆ ಇರುವುದಿಲ್ಲ. ಪರವಾಗಿಲ್ಲ ಸಾರ್ ಅಭಿನಯಕ್ಕಿಳಿದರು. ಮೊದಲು ಮಾತನ್ನು ಸ್ವಲ್ಪ ಎಳೆದರು. ಆಮೇಲೆ ಬೀದಿಯಲ್ಲಿ ಒಂದೆರಡು ಹೆಜ್ಜೆ ವಾರೆ ಇಟ್ಟರು. ಒಂದು ಸಂಜೆ ಮಹಡಿ ಮೆಟ್ಟಿಲಲ್ಲಿ ಕಂಬಿ ಹಿಡಿದು, ತೂರಾಡಿ, ಹತ್ತಿದ ಮೆಟ್ಟಿಲನ್ನೇ ಮತ್ತೊಮ್ಮೆ ಹತ್ತಿದರು. ಅದು ಅವರ ಅತ್ಯುತ್ತಮ ಅಭಿನಯವಾಗಿತ್ತು. ನೋಡಿದವರು ಒಬ್ಬರೇ, ಕೆಳಗಿನ ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ.

ಆಕೆ ಆಗಲೇ ಮೇಲೆ ಬಂದರು. ಭಾವಮೈದನೂ ಅಲ್ಲೇ ಇದ್ದ, ಲಿವರಿಗೆಂದು ಯಾವುದೋ ಸೀಸೆ ತಂದಿದ್ದ. ಟೀಚರಮ್ಮ ಸೀಸೆಯನ್ನು ನೋಡಿದರು, ಪರವಾಗಿಲ್ಲ ಸಾರ್ ಅವರನ್ನು ನೋಡಿದರು. ಏರುದನಿಯಲ್ಲಿ ಪಾಠ ಹೇಳಿದ್ದವರು, ಅಂದು ಮಾತ್ರ ಬಹಳ ಮೆತ್ತಗೆ ಮಾತಾಡಿದರು.

"ನಮ್ಮೆಜಮಾನ್ರು ನಾನು ಪಾಠ ಮಾಡ್ತಿದ್ದ ಸ್ಕೂಲಿನ ಗೇಟ್ ಮುಂದೇನೇ ಬಿದ್ದಿರ್ತಿದ್ರು. ಮಕ್ಳು ದಾಟ್ಕೊಂಡು ಒಳಗೆ ಬಂದು ನಂಗೆ ನಮಸ್ತೆ ಹೇಳೋವು. ಅದನ್ನ ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲಪ್ಪಾ. ತಿಂಗಳ ಕೊನೆಗೆ ಮನೆ ಬಿಟ್ಕೊಡಿ."

ಪರವಾಗಿಲ್ಲ ಸಾರ್ ಕಾಲು ನಿಜವಾಗಿಯೂ ತೂರಾಡಿತು. ಕುರ್ಚಿ ಹಿಡಿದುಕೊಂಡರು. ಹೆಂಡತಿ ಯಂತ್ರದ ಹಿಂದಿನಿಂದ ಎದ್ದು ಬಂದಳು.

"ಟೀಚರಮ್ಮ, ತಪ್ಪು ನಂದು" ಎಂದಳು. "ಇವ್ರು ಏನ್ ಹೇಳಿದ್ರೂ ನಾನು ನಕ್ಕುಬಿಡ್ತಿದ್ದೆ. ಹೊರಗಡೆ ದಿನವೆಲ್ಲಾ ಬೈಸ್ಕೊಂಡು ಬರ್ತಾರೆ, ಮನೇಲೂ ಕೇಳೋರಿಲ್ಲ ಅಂದ್ರೆ ಮನುಷ್ಯ ಎಲ್ಲಿಗೆ ಹೋಗ್ಬೇಕು? ಇವ್ರು ಕೆಟ್ಟೋರಲ್ಲ. ಮನೆ ಹೋಗೋದಾದ್ರೆ ಹೋಗ್ಲಿ, ಇವ್ರನ್ನ ಕುಡುಕ ಅಂತ ಬೀದೀಲಿ ಹೇಳ್ಬೇಡಿ, ಅಷ್ಟೇ ಕೇಳ್ಕೊಳೋದು."

ಹಾಗೆಂದು ಅವಳು ಕಿಟಕಿಯತ್ತ ತಿರುಗಿ ನಿಂತಳು. ಆ ಬೆನ್ನನ್ನು ನೋಡಿ ಪರವಾಗಿಲ್ಲ ಸಾರ್‌ಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಒಂದು ನಗುವಿಗೆ ಹೆದರಿ ಹೆಂಡತಿಯ ಬೆಳಕನ್ನೇ ಕಳೆಯಲು ಹೊರಟಿದ್ದರು. ಅವರು ಒಳಗೋಡಿ, ಪೆಟ್ಟಿಗೆ ತಡಕಿ, ಬೇಕಾದದ್ದನ್ನು ಹಿಡಿದುಕೊಂಡು ಹೊರಗೆ ಬಂದರು.

"ನಾನು ಹಾಕಿದ್ದು ಈ ಗುಂಡು" ಎಂದರು.

ಮಾತು ಸರಿಯಾಗಿಯೇ ಇತ್ತು, ಆದರೆ ನಳಿಗೆ ಭಾವಮೈದನ ಕಡೆಗಿತ್ತು. ಅರ್ಧ ವೈದ್ಯ ಪೂರ್ತಿಯಾಗಿ ಹೊಲಿಗೆ ಯಂತ್ರದ ಕೆಳಗೆ ತೂರಿಕೊಂಡ. "ಭಾವ, ಕುಡೀರಿ, ಎಷ್ಟ್ ಬೇಕಾದ್ರೂ ಕುಡೀರಿ, ನಾನೇ ತಂದ್ಕೊಡ್ತೀನಿ" ಎಂಬ ಮಾತು ಪೆಡಲಿನ ಸಂದಿಯಿಂದ ಬಂತು. ಟೀಚರಮ್ಮ ಗೋಡೆಗೆ ಒರಗಿ ಎರಡೂ ಕೈ ಮೇಲೆತ್ತಿದರು. ಪರವಾಗಿಲ್ಲ ಸಾರ್ ಕನ್ನಡಿಯ ಮುಂದೆ ಕಂಡಿದ್ದ ಕನಸು ಇದೇ, ಎಲ್ಲರೂ ತಮಗೆ ಹೆದರಿ ನಿಲ್ಲಬೇಕೆಂಬುದು. ಅದು ಎದುರಿಗೆ ನಡೆದಾಗ ಅವರಿಗೆ ಅಳು ಬಂತು.

"ಹೆದರ್ಬೇಡಿ, ಇದು ಹಾರಲ್ಲ, ನಾಟಕದ್ದು. ಎಣ್ಣೆ ಹಾಕಿದ್ದೂ ಇದಕ್ಕೇ. ಕುದುರೆ ಅಂದ್ರೆ ಈ ಕೊಂಡಿ. ನಾನು ಕುಡಿಯೋದಿಲ್ಲ, ಕನ್ನಡಿ ಮುಂದೆ ಇದನ್ನ ಹಿಡ್ಕೊಂಡು ನಿಲ್ತೀನಿ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಹೆದರದೆ ಇದ್ದವಳು ಹೆಂಡತಿಯೊಬ್ಬಳೇ. ಅವಳು ಬಂದು, ತರಕಾರಿ ಚೀಲ ಇಸಿದುಕೊಳ್ಳುವ ಹಾಗೆ ರಿವಾಲ್ವರನ್ನು ಅವರ ಕೈಯಿಂದ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಹೆಗಲು ಕುಲುಕತೊಡಗಿತು. ಪರವಾಗಿಲ್ಲ ಸಾರ್ ಕಣ್ಣು ಮುಚ್ಚಿಕೊಂಡು ಕಾದರು. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಗುತ್ತಲೇ ಅವರ ತೋಳು ಹಿಡಿದುಕೊಂಡು ಅದಕ್ಕೇ ಮುಖ ಒತ್ತಿಕೊಂಡಳು. ಇಷ್ಟು ದಿನ ಹೆದರಿದ್ದ ನಗು ಇಷ್ಟು ಹತ್ತಿರದಿಂದ ಕೇಳಿದರೆ ಅಷ್ಟೇನೂ ಭಯಂಕರವಾಗಿರಲಿಲ್ಲ.

ಟೀಚರಮ್ಮ ಮಾತ್ರ ನಗಲಿಲ್ಲ. ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, ಪರವಾಗಿಲ್ಲ ಸಾರ್ ಬಾಯಿಯ ಹತ್ತಿರ ಬಂದು ಮೂಸಿ ನೋಡಿದರು. ಆಮೇಲೆ ಕೈ ಚಾಚಿದರು. "ನೀವು ಮನೇಲಿರಿ. ಇದು ನನ್ನ ಹತ್ರ ಇರ್ಲಿ. ದೊಡ್ಡೋರಾಗೋವರ್ಗೂ ವಾಪಸ್ ಕೊಡಲ್ಲ." ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ಅವರು ಆರು ಗುಂಡುಗಳನ್ನೂ, ಎಣ್ಣೆಯ ಪುಟ್ಟ ಡಬ್ಬಿಯನ್ನೂ ಒಪ್ಪಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾರನೆಯ ದಿನದಿಂದ ಕೆಳಗಿನ ಮನೆಯಲ್ಲಿ ಟಪ್ ಎಂಬ ಸದ್ದು ಕೇಳತೊಡಗಿತು. ಟೀಚರಮ್ಮ ಅದನ್ನು ಬೀಗ ಹಾಕಿ ಇಡಲಿಲ್ಲ. ಮೊದಲೆಲ್ಲ ಕಂಡಕಂಡವರು ಆಕೆಯ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸುತ್ತಿದ್ದರು, ಹೇಳಿದರೆ ಮುದುಕಿಗೆ ಅರಳುಮರಳು ಎಂದು ನಗುತ್ತಿದ್ದರು. ಈಗ ಆಕೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಮಡಿಲಲ್ಲಿ ರಿವಾಲ್ವರಿಟ್ಟುಕೊಂಡು ಬಟ್ಟೆಯಿಂದ ಉಜ್ಜುತ್ತಾ ಕೂರುತ್ತಿದ್ದರು. ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಗೇಟಿನ ಮುಂದೆ ಈಗ ಸೈಕಲ್ಲೂ ನಿಲ್ಲುವುದಿಲ್ಲ.

ಭಾನುವಾರ ಬೆಳಿಗ್ಗೆ ಸೂಪರಿಂಟೆಂಡೆಂಟರು ಬಂದರು. ಪರವಾಗಿಲ್ಲ ಸಾರ್ ಕುಡಿತ ಬಿಟ್ಟರೆಂಬ ಸುದ್ದಿ ಕೇಳಿ ಅವರಿಗೆ ಊಟ ಸೇರಿರಲಿಲ್ಲ. ಮೇಲೆ ಬಂದು, ಹೆಂಡತಿಗೆ ಕೇಳದಂತೆ, ಎಲ್ಲ ಬಿಟ್ಟುಬಿಟ್ಟರೆ ನಮ್ಮಂಥವರಿಗೆ ದಾರಿ ತೋರಿಸುವವರು ಯಾರು ಎಂದು ಬೇಡಿಕೊಳ್ಳುತ್ತಿದ್ದಾಗಲೇ ಕೆಳಗಿನಿಂದ ಟೀಚರಮ್ಮನ ಗಂಟಲು ಏರಿಬಂತು. ಇಡೀ ತರಗತಿಗೆ ಕೇಳುವಂತೆ ಮಾತಾಡಿ ರೂಢಿಯಾದ ಗಂಟಲದು.

"ಏನಪ್ಪಾ, ಇದೀರಾ? ನೀವು ಕೊಟ್ಟಿದ್ದ ಎಣ್ಣೆ ಎಲ್ಲಾ ಮುಗಿದೋಯ್ತು. ಒಂಚೂರಿದ್ರೆ ಕಳ್ಸಿ. ಬೆಳಗಿಂದ ಆರು ಗುಂಡು ಹಾಕ್ಕೊಂಡು ಕೂತಿದೀನಿ, ತಿರುಗೋಕೇ ಆಗ್ತಿಲ್ಲ."

ಎದುರು ಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯದೂ ತೆರೆಯಿತು.

ಸೂಪರಿಂಟೆಂಡೆಂಟರು ಕಿಟಕಿಯಿಂದ ಬಗ್ಗಿ ಅಂಗಳದಲ್ಲಿದ್ದ ಆ ನರೆಗೂದಲಿನ ಮರ್ಯಾದಸ್ಥ ಹೆಂಗಸನ್ನು ನೋಡಿದರು, ಬೆಳಕು ತುಂಬಿದ ಆ ಮನೆಯನ್ನು ನೋಡಿದರು. ಆಮೇಲೆ ಪರವಾಗಿಲ್ಲ ಸಾರ್ ಹತ್ತಿರ ಸರಿದು, ಗದ್ಗದಿತರಾಗಿ ಕೇಳಿದರು.

"ರೀ, ನೀವೇನಾದ್ರೂ ಈ ಮನೆ ಖಾಲಿ ಮಾಡೋದಾದ್ರೆ, ಮೊದ್ಲು ನಂಗೆ ಹೇಳ್ತೀರಾ?"